ಬೇರೆಯವರ ಗೇರ್‌ಗೆ ಗಡಸುತನ: ಹೀಟ್ ಟ್ರೀಟ್‌ಮೆಂಟ್ ಜಾಬ್ ವರ್ಕ್ ನಡೆಸುವ ಬಗೆ

ಪೀಣ್ಯದ ಒಂದು ಶೆಡ್‌ನಲ್ಲಿ ಹಲ್ಲು ಕೊರೆಸಿಕೊಂಡ ಗೇರ್ ಇನ್ನೊಂದರಲ್ಲಿ ಗಡಸಾಗಿ, ಮೂರನೆಯದರಲ್ಲಿ ಗ್ರೈಂಡಿಂಗ್ ಮುಗಿಸಿ ದೊಡ್ಡ ಕಂಪನಿಯ ಜೋಡಣೆ ಸಾಲಿಗೆ ಹೋಗುತ್ತದೆ. ನಡುವಿನ ಕೆಲಸ ನನ್ನದು, ಕೇಸ್ ಹಾರ್ಡನಿಂಗ್, ಅಂದರೆ ಉಕ್ಕಿನ ತಿರುಳನ್ನು ಬಿಟ್ಟು ಮೇಲ್ಪದರವನ್ನಷ್ಟೇ ಕುಲುಮೆಯಲ್ಲಿ ಗಡಸು ಮಾಡುವುದು. ಹಲ್ಲು ಕೊರೆಯುವ ಎರಡು ಹಾಬಿಂಗ್ ಮೆಷಿನ್ ಇರುವವರಿಗೆ ಸ್ವಂತ ಫರ್ನೇಸ್ ಗಿಟ್ಟುವುದಿಲ್ಲ. ಅದು ಹಗಲುರಾತ್ರಿ ತುಂಬಿ ಓಡಬೇಕು. ಖಾಲಿ ಇದ್ದರೂ ವಿದ್ಯುತ್ತಿನ ಡಿಮಾಂಡ್ ಚಾರ್ಜ್ ಕಟ್ಟಲೇಬೇಕು. ಇಪ್ಪತ್ತು ಶೆಡ್‌ಗಳ ಮಾಲು ಒಂದೇ ಕಡೆ ಬೆಂದರೆ ಮಾತ್ರ ಲೆಕ್ಕ ಕೂಡುತ್ತದೆ. ಸಣ್ಣ ಕಾರ್ಖಾನೆ ದೊಡ್ಡ ಕಂಪನಿಗೆ ಮಾಲು ಕೊಡಲು ಸಾಧ್ಯವಾಗಿರುವುದೇ ಇಂಥ ಕೆಲಸ ಹೊರಗೆ ಸಿಗುವುದರಿಂದ.

ದೇಶದ ಲೆಕ್ಕಪತ್ರದಲ್ಲಿ ನಮಗೆ ಎರಡು ಮುಖ. ಬೇರೆಯವರ ಸರಕಿನ ಮೇಲೆ ಮಾಡುವ ಸಂಸ್ಕರಣೆ ಜಿಎಸ್‌ಟಿ ಕಾನೂನಿನ ಎರಡನೇ ಅನುಸೂಚಿಯಂತೆ ಸೇವೆ. ಬಿಲ್ಲಿನಲ್ಲಿ ಕೋಡ್ 9988. ಅದೇ ಕೆಲಸ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ 2592, ಅಂದರೆ ತಯಾರಿಕೆ. ಸಣ್ಣ ಉದ್ದಿಮೆಯೆಂದು ಸರ್ಕಾರದಲ್ಲಿ ಉದ್ಯಮ್ ನೋಂದಣಿ ಮಾಡಿಸುವಾಗ ಈ ಎರಡನೆಯದನ್ನೇ ಆರಿಸಿಕೊಳ್ಳಿ.

ಮಾಲು ಗೇಟಿನೊಳಗೆ ಬಂದ ಅರ್ಧ ಗಂಟೆಯಲ್ಲೇ ಮುಕ್ಕಾಲು ತಪ್ಪು ತಡೆಯಬಹುದು. ಡೆಲಿವರಿ ಚಲನ್‌ನಲ್ಲಿ ಉಕ್ಕಿನ ಗ್ರೇಡ್, ತುಂಡುಗಳ ಸಂಖ್ಯೆ, ತೂಕ, ಬೇಕಾದ ಗಡಸುತನ, ಕೇಸ್ ಡೆಪ್ತ್ (ಗಡಸು ಪದರದ ಆಳ) ಐದೂ ಇರಬೇಕು. ‘ಹಾರ್ಡನಿಂಗ್ ಮಾಡಿ’ ಎಂದಷ್ಟೇ ಬರೆದ ಚಲನ್ ಇಳಿಸಿಕೊಳ್ಳಬಾರದು. ಹೊಸೂರಿನಿಂದ ಜಾಬ್ ವರ್ಕ್‌ಗೆ ಬರುವ ಮಾಲು ರಾಜ್ಯದ ಗಡಿ ದಾಟುವುದರಿಂದ, ಬೆಲೆ ಎಷ್ಟೇ ಕಡಿಮೆ ಇದ್ದರೂ ಇ-ವೇ ಬಿಲ್ ಬೇಕು. ಒಂದೇ ಲಾಟ್‌ನಲ್ಲಿ ಕೇಸ್ ಹಾರ್ಡನಿಂಗ್‌ಗೆ ಒಗ್ಗುವ ಇಎನ್ 353 ಉಕ್ಕಿನ ಜೊತೆ ನಾಲ್ಕು ತುಂಡು ಇಎನ್ 8 ಸೇರಿಬಿಡುವುದು ಸಾಮಾನ್ಯ, ಕಣ್ಣಿಗೆ ಎರಡೂ ಒಂದೇ. ಇಎನ್ 8ರಲ್ಲಿ ಇಂಗಾಲ ಮೊದಲೇ ಹೆಚ್ಚು. ಅದನ್ನು ಕಾರ್ಬುರೈಸ್ ಮಾಡಿ, ಅಂದರೆ ಬಿಸಿಯಲ್ಲಿ ಮೇಲ್ಪದರಕ್ಕೆ ಇಂಗಾಲ ಹೀರಿಸಿ, ತಣಿಸಲು ಎಣ್ಣೆಗೆ ಬಿಟ್ಟರೆ ಒಳತಿರುಳೂ ಗಡಸಾಗಿ ಹಲ್ಲು ಮುರಿಯುತ್ತದೆ. ಗ್ರೈಂಡಿಂಗ್ ಚಕ್ರಕ್ಕೆ ಮುಟ್ಟಿಸಿ ಕಿಡಿ ನೋಡಿದರೆ ಅನುಮಾನದ ತುಂಡು ಸಿಕ್ಕಿಬೀಳುತ್ತದೆ.

ಆಮೇಲೆ ತೊಳೆಯುವುದು. ಕಟಿಂಗ್ ಆಯಿಲ್ ಉಳಿದ ಜಾಗದಲ್ಲಿ ಇಂಗಾಲ ಸಮನಾಗಿ ಇಳಿಯದೆ ಮೆತ್ತನೆಯ ಕಲೆ ಉಳಿಯುತ್ತದೆ. ಕ್ಷಾರದ ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಮಾಲು ತಣಿಸುವ ಕ್ವೆಂಚ್ ಎಣ್ಣೆಗೆ ನೀರು ಸೇರಿದರೆ ಬಿರುಕಿನ ಜೊತೆಗೆ ಬೆಂಕಿಯ ಅಪಾಯವೂ ಇದೆ. ಕಾರ್ಬುರೈಸಿಂಗ್ 920ರಿಂದ 930 ಡಿಗ್ರಿಯಲ್ಲಿ, 840ರ ಸುಮಾರಿಗೆ ಇಳಿಸಿ ಎಣ್ಣೆಗೆ, ಬಳಿಕ ತಡಮಾಡದೆ 160ರಿಂದ 180 ಡಿಗ್ರಿಯಲ್ಲಿ ಎರಡು ಗಂಟೆ ಟೆಂಪರಿಂಗ್, ಅಂದರೆ ಬಿರುಸು ತಗ್ಗಿಸಲು ಮತ್ತೆ ಕಾಯಿಸುವುದು. ಪಾಳಿ ಬದಲಾಯಿತೆಂದು ಟೆಂಪರಿಂಗ್ ಬೆಳಿಗ್ಗೆಗೆ ತಳ್ಳಿದರೆ ರಾತ್ರಿಯೇ ಬಿರುಕು ಬಿಟ್ಟಿರುತ್ತದೆ. ಕೊನೆಗೆ ರಾಕ್‌ವೆಲ್ ಅಳತೆಯಲ್ಲಿ 58ರಿಂದ 62 ಎಚ್‌ಆರ್‌ಸಿ ಗಡಸುತನ ಬರಬೇಕು. ಫರ್ನೇಸ್‌ಗೆ ಒಮ್ಮೆಗೆ ಹಾಕುವ ಪ್ರತಿ ಚಾರ್ಜ್‌ನಲ್ಲೂ ಅದೇ ಉಕ್ಕಿನ ಒಂದು ಟೆಸ್ಟ್ ತುಂಡು ಇಟ್ಟು, ಅದನ್ನು ಕತ್ತರಿಸಿ 550 ಎಚ್‌ವಿ (ವಿಕರ್ಸ್ ಅಳತೆಯ ಗಡಸುತನ) ಸಿಗುವ ಆಳವನ್ನು ಅಳೆದು ವರದಿ ಬರೆಯಬೇಕು. ಗ್ರೈಂಡಿಂಗ್‌ನಲ್ಲಿ ಒಂದೊಂದು ಬದಿಗೆ 0.15 ಮಿ.ಮೀ. ಹೋಗುವುದಿದ್ದರೆ ಅಷ್ಟನ್ನು ಮೊದಲೇ ಕೂಡಿಸಿ ಕೇಸ್ ಡೆಪ್ತ್ ಬರೆಸಿಕೊಳ್ಳಿ.

ದರದಲ್ಲಿ ಹೊಸಬರು ಕೈಸುಟ್ಟುಕೊಳ್ಳುವುದು ಎರಡು ಕಡೆ. ಕೇಸ್ ಡೆಪ್ತ್ ಸಮಯದ ವರ್ಗಮೂಲದಂತೆ ಬೆಳೆಯುತ್ತದೆ, 0.5 ಮಿ.ಮೀ. ಇದ್ದದ್ದು 1 ಮಿ.ಮೀ. ಆಗಬೇಕಾದರೆ ಆ ಶಾಖದಲ್ಲಿ ಸರಿಸುಮಾರು ನಾಲ್ಕು ಪಟ್ಟು ಹೊತ್ತು ಇಡಬೇಕು. ಎರಡಕ್ಕೂ ಒಂದೇ ಕಿಲೋ ದರ ಒಪ್ಪಿಕೊಂಡರೆ ಆ ಹೊತ್ತಿನ ಖರ್ಚೆಲ್ಲ ನಿಮ್ಮದೇ. ಎರಡನೆಯದು ಫಿಕ್ಸ್‌ಚರ್, ಅಂದರೆ ಮಾಲು ಜೋಡಿಸಿಡುವ ಚೌಕಟ್ಟಿನ ತೂಕ. 300 ಕಿಲೋ ಫರ್ನೇಸ್‌ನಲ್ಲಿ 80 ಕಿಲೋ ಫಿಕ್ಸ್‌ಚರ್ ಕೂತರೆ ಬಿಲ್ ಆಗುವುದು 220 ಕಿಲೋ, ಕರೆಂಟು ಉರಿಯುವುದು 300ಕ್ಕೆ. ಇದರ ಜೊತೆಗೆ ಕೊಟೇಶನ್‌ನಲ್ಲೇ ಒಂದು ಸಾಲು ಇರಲಿ: ಲಾಟ್ ಕೆಟ್ಟರೆ ಹೊಣೆ ಜಾಬ್ ಚಾರ್ಜ್‌ನಷ್ಟಕ್ಕೆ ಮಾತ್ರ. 900 ರೂಪಾಯಿಯ ಗೇರ್‌ಗೆ 40 ರೂಪಾಯಿ ಕೂಲಿ ಪಡೆದು ಪೂರ್ತಿ ಬೆಲೆ ತುಂಬಿಕೊಡಲು ಆಗದು.

ಈಗ ಹಣ. ಇದೇ ನಮ್ಮ ಕಸುಬಿನ ನಿಜವಾದ ಕಷ್ಟ. ಉಳಿದೆಲ್ಲ ಜಾಬ್ ವರ್ಕ್‌ಗಳ ಸಾಲಿಗೆ ಸೇರುವ ನಮ್ಮ ಕೆಲಸದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 18ಕ್ಕೆ ಏರಿತು. ಪಾರ್ಟಿಗೆ, ಅಂದರೆ ಕೆಲಸ ಕೊಟ್ಟವರಿಗೆ, ಆ ತೆರಿಗೆ ವಾಪಸ್ ಜಮೆಯಾಗುತ್ತದೆ, ಅವರಿಗೆ ನಷ್ಟವಿಲ್ಲ. ನಮಗೆ ಮಾತ್ರ ಒಂದು ಲಕ್ಷದ ಬಿಲ್ಲಿಗೆ 18,000 ರೂಪಾಯಿ ಹೊಣೆ. ಖರೀದಿಯ ಜಮೆ ಕಳೆದು ಉಳಿದದ್ದನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು, ಪಾರ್ಟಿಯಿಂದ ದುಡ್ಡು ಬಂದಿರಲಿ ಬಿಡಲಿ. 90 ದಿನದ ಸಾಲ ಕೊಟ್ಟರೆ ಮೂರು ತಿಂಗಳ ತೆರಿಗೆಗೂ ಬಂಡವಾಳ ನಾವೇ ಹಾಕಿದಂತೆ.

ಇದಕ್ಕೆ ಕಾನೂನಿನ ಆಸರೆ ಇದೆ, ಬಳಸಿಕೊಳ್ಳುವವರು ಕಡಿಮೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಾಯ್ದೆಯಂತೆ ಬರಹದ ಒಪ್ಪಂದವಿದ್ದರೂ ಹಣ ಕೊಡುವುದು 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನವೇ ಗಡುವು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾಯ್ದೆಗೆ ತಂದ 43ಬಿ(ಎಚ್) ಕಲಂ ಇನ್ನೂ ಹೆಚ್ಚು ನಾಟಿತು: ಸೂಕ್ಷ್ಮ ಮತ್ತು ಸಣ್ಣ ಘಟಕಕ್ಕೆ ಗಡುವಿನೊಳಗೆ ಕೊಡದ ಹಣವನ್ನು ಖರೀದಿದಾರರು ನಿಜವಾಗಿ ಪಾವತಿಸಿದ ವರ್ಷವೇ ಖರ್ಚೆಂದು ತೋರಿಸಬಹುದು. ನೋಟಿಸ್‌ಗೆ ಜಗ್ಗದ ಅಕೌಂಟ್ಸ್ ವಿಭಾಗ ಮಾರ್ಚ್‌ನಲ್ಲಿ ತಾನಾಗಿ ಫೋನ್ ಮಾಡುವಂತಾದದ್ದು ಇದರಿಂದ. ದೊಡ್ಡ ಕಂಪನಿ ಟ್ರೆಡ್ಸ್‌ನಲ್ಲಿ, ಅಂದರೆ ಬಾಕಿ ಬಿಲ್ಲಿನ ಮೇಲೆ ಬ್ಯಾಂಕಿನಿಂದ ಮೊದಲೇ ಹಣ ಕೊಡಿಸುವ ಆನ್‌ಲೈನ್ ವೇದಿಕೆಯಲ್ಲಿದ್ದರೆ ಬಿಲ್ಲನ್ನು ಅಲ್ಲಿ ಹಾಕಿಸಿ. ಅವರು ಒಪ್ಪಿಗೆ ಒತ್ತಿದ ಮೇಲೆ ಬ್ಯಾಂಕು ಬಡ್ಡಿ ಹಿಡಿದುಕೊಂಡು ಹಣ ಕೊಡುತ್ತದೆ, ಪಾರ್ಟಿ ಕೊಡದಿದ್ದರೂ ನಮ್ಮಿಂದ ವಾಪಸ್ ಕೇಳುವುದಿಲ್ಲ.

ಇವೆಲ್ಲ ನಿಲ್ಲುವುದು ಒಂದು ಕಾಗದದ ಮೇಲೆ. ಮಾಲು ಇಳಿಸಿದಾಗ ಚಲನ್ ಮೇಲೆ ಪಾರ್ಟಿಯ ಸ್ಟೋರ್‌ನವರ ಸಹಿ, ಸೀಲು, ತಾರೀಖು ಮೂರೂ ಬೀಳಲಿ. 15 ದಿನದೊಳಗೆ ಬರಹದಲ್ಲಿ ತಕರಾರು ಬರದಿದ್ದರೆ ಮಾಲು ಒಪ್ಪಿದಂತೆಯೇ. 45 ದಿನದ ಎಣಿಕೆಯೂ ಆಗ ಆ ತಾರೀಖಿನಿಂದಲೇ. ಉದ್ಯಮ್ ಸಂಖ್ಯೆ ಪ್ರತಿ ಬಿಲ್ಲಿನ ತಲೆಯ ಮೇಲಿರಲಿ, ಬಿಲ್ ಮಾಲಿನ ಗಾಡಿಯಲ್ಲೇ ಹೋಗಲಿ.