ಫ್ರೀ ಡಿಶ್ ಚಾನೆಲ್‌ಗಳು ನಿಮ್ಮ ಲಿನಕ್ಸ್ ಕಂಪ್ಯೂಟರಿನಲ್ಲಿ: ಟ್ಯೂನರ್ ಕಾರ್ಡ್ ಹೊಂದಿಸುವುದು ಹೇಗೆ?

ಡಿಡಿ ಫ್ರೀ ಡಿಶ್‌ಗೆ ತಿಂಗಳ ಶುಲ್ಕ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಅದನ್ನು ನೋಡಲು ಸೆಟ್‌ಟಾಪ್ ಬಾಕ್ಸೇ ಬೇಕೆಂದಿಲ್ಲ ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಮಾಳಿಗೆ ಮೇಲೆ ಡಿಶ್ ಇದ್ದು, ಕಂಪ್ಯೂಟರಿನಲ್ಲಿ ಉಪಗ್ರಹ ಟ್ಯೂನರ್ ಕಾರ್ಡ್ ಇದ್ದರೆ ಸಾಕು. ಚಂದನ ವಾಹಿನಿಯನ್ನು ಲಿನಕ್ಸ್‌ನಲ್ಲೇ ನೋಡಬಹುದು, ಬೇಕಾದ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿ ಇಟ್ಟುಕೊಳ್ಳಬಹುದು. ಬೇಕಾದ ಸಾಫ್ಟ್‌ವೇರ್ ಎಲ್ಲವೂ ಉಚಿತ ಮತ್ತು ಮುಕ್ತ. ಸಾರ್ವಜನಿಕರ ಹಣದಲ್ಲಿ ನಡೆಯುವ ಪ್ರಸಾರವನ್ನು ನಮ್ಮ ಹಿಡಿತದಲ್ಲಿರುವ ಯಂತ್ರದಲ್ಲಿ ನೋಡುವುದು ಒಳ್ಳೆಯ ಕೆಲಸ ಅಂತಲೇ ನಾನು ನಂಬಿದ್ದೇನೆ.

2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಿನಲ್ಲಿ ಶುರುವಾದ ಈ ಸೇವೆ ಈಗ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತಿದೆ. 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದಿಂದ ಹಾರಿದ ಈ ಉಪಗ್ರಹದ ನಿಯಂತ್ರಣವನ್ನು ಉಡಾವಣೆಯಾದ ಕೂಡಲೇ ವಹಿಸಿಕೊಂಡದ್ದು ನಮ್ಮ ಹಾಸನದ ಇಸ್ರೋ ಕೇಂದ್ರ.

ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ಕಂಪ್ಯೂಟರಿಗೆ ಕಾರ್ಡ್ ಕಾಣಿಸಬೇಕು. ಆಮೇಲೆ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್), ಫರ್ಮ್‌ವೇರ್, ಸಿಗ್ನಲ್, ಕೊನೆಗೆ ಚಾನೆಲ್. ಒಂದು ಹಂತ ಸರಿಹೋಗುವ ತನಕ ಮುಂದಿನದಕ್ಕೆ ಕೈ ಹಾಕಬೇಡಿ. ಚಿತ್ರ ಬರಲಿಲ್ಲವೆಂದು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲು ಹೋದರೆ ತಪ್ಪು ಎಲ್ಲಿದೆ ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಕಾರ್ಡ್ ಕೊಳ್ಳುವಾಗ

ಡಬ್ಬದ ಮೇಲೆ ‘ಡಿವಿಬಿ-ಎಸ್2’ ಅಂತ ಇರಬೇಕು. ‘ಡಿವಿಬಿ’ ಅಂದರೆ ಡಿಜಿಟಲ್ ಟಿವಿ ಪ್ರಸಾರದ ಮಾನದಂಡ, ‘ಎಸ್’ ಅಂದರೆ ಉಪಗ್ರಹ. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಯುಎಸ್‌ಬಿ ಟಿವಿ ಸ್ಟಿಕ್‌ಗಳಲ್ಲಿ ಹೆಚ್ಚಿನವು ಡಿವಿಬಿ-ಟಿ. ಅವು ನೆಲದ ಮೇಲಿನ ಟವರ್‌ಗಳ ಪ್ರಸಾರಕ್ಕೆ ಮಾಡಿದವು, ಡಿಶ್‌ಗೆ ಆಗುವುದಿಲ್ಲ. ಕೇಬಲ್‌ಗೆಂದು ಬರುವ ಡಿವಿಬಿ-ಸಿ ಕಾರ್ಡ್ ಕೂಡ ಇಲ್ಲಿ ಬೇಡ.

ಇನ್ನೊಂದು ಮಾತು, ಇದು ಮುಖ್ಯ. ಡ್ರೈವರ್ ಲಿನಕ್ಸ್ ಕರ್ನೆಲ್‌ನ (ಲಿನಕ್ಸ್‌ನ ತಿರುಳು ಭಾಗದ) ಒಳಗೇ ಇರುವ ಕಾರ್ಡನ್ನು ಆರಿಸಿ. ಕೆಲವು ಕಾರ್ಡ್‌ಗಳ ಡ್ರೈವರ್ ತಯಾರಕರ ಬಳಿ ಪ್ರತ್ಯೇಕವಾಗಿ ಸಿಗುತ್ತದೆ. ಅದನ್ನು ನಾವೇ ಕಂಪೈಲ್ ಮಾಡಬೇಕು, ಕರ್ನೆಲ್ ಅಪ್‌ಡೇಟ್ ಆದಾಗಲೆಲ್ಲ ಮತ್ತೆ ಮಾಡಬೇಕು. ನಾಲ್ಕು ಕಾಸು ಜಾಸ್ತಿಯಾದರೂ ಕರ್ನೆಲ್ ಒಳಗಿನ ಬೆಂಬಲ ಇರುವುದನ್ನೇ ಕೊಳ್ಳುವುದು ವಾಸಿ. ಮಾಡೆಲ್ ಹೆಸರಿನ ಜೊತೆಗೆ ಅದರೊಳಗಿನ ಚಿಪ್ ಯಾವುದು ಅಂತಲೂ ಅಂಗಡಿಯವರನ್ನು ಕೇಳಿ. ಒಂದೇ ಹೆಸರಿನಲ್ಲಿ ಒಳಗಿನ ಚಿಪ್ ಬದಲಾಗುವುದುಂಟು.

ಕಾರ್ಡ್ ಕೂರಿಸಿ, ಕಂಪ್ಯೂಟರನ್ನೇ ಕೇಳಿ

ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಕಾರ್ಡನ್ನು ಸ್ಲಾಟ್‌ಗೆ ಒತ್ತಿ ಸ್ಕ್ರೂ ಹಾಕಿ. ಕಾರ್ಡ್ ಮೇಲೆ ಪ್ರತ್ಯೇಕ ಪವರ್ ಸಾಕೆಟ್ ಇದ್ದರೆ ಕ್ಯಾಬಿನೆಟ್ ಒಳಗಿನ ಪವರ್ ವೈರನ್ನು ಅದಕ್ಕೆ ಮರೆಯದೆ ಸಿಕ್ಕಿಸಿ. ಡಿಶ್‌ನ ಎಲ್‌ಎನ್‌ಬಿಗೆ (ತಟ್ಟೆಯ ಮುಂದೆ ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ಕರೆಂಟ್ ಹೋಗುವುದು ಅಲ್ಲಿಂದಲೇ.

ಈಗ ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ’ ಎಂಬ ಆದೇಶವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೊಡಿ. ಯುಎಸ್‌ಬಿ ಟ್ಯೂನರ್ ಆದರೆ ‘ಎಲ್‌ಎಸ್‌ಯುಎಸ್‌ಬಿ’. ಬರುವ ಪಟ್ಟಿಯಲ್ಲಿ ‘ಮಲ್ಟಿಮೀಡಿಯಾ ಕಂಟ್ರೋಲರ್’ ಎಂದೋ ಚಿಪ್ ತಯಾರಕರ ಹೆಸರೋ ಕಾಣಬೇಕು. ಕಾಣದಿದ್ದರೆ ಡ್ರೈವರ್ ಹುಡುಕಿ ಉಪಯೋಗವಿಲ್ಲ. ಕಾರ್ಡನ್ನು ತೆಗೆದು ಮತ್ತೆ ಕೂರಿಸಿ, ಬೇರೆ ಸ್ಲಾಟ್ ಪ್ರಯತ್ನಿಸಿ.

ಕಂಡಿತು ಅಂದುಕೊಳ್ಳಿ. ಮುಂದೆ ‘ಡೆವ್’ ಫೋಲ್ಡರ್ ಒಳಗೆ ‘ಡಿವಿಬಿ’, ಅದರೊಳಗೆ ‘ಅಡಾಪ್ಟರ್0’ ಎಂಬ ಫೋಲ್ಡರ್‌ಗಳು ಇವೆಯೇ ನೋಡಿ. ಅಲ್ಲಿ ‘ಫ್ರಂಟ್‌ಎಂಡ್0’, ‘ಡಿಮಕ್ಸ್0’, ‘ಡಿವಿಆರ್0’ ಇದ್ದರೆ ಡ್ರೈವರ್ ಕೆಲಸ ಶುರುಮಾಡಿದೆ ಅಂತ ಅರ್ಥ.

ಇಲ್ಲಿ ಬಹಳ ಜನ ನೆಮ್ಮದಿಯಾಗಿ ಮುಂದೆ ಹೋಗುತ್ತಾರೆ, ಆಮೇಲೆ ಗಂಟೆಗಟ್ಟಲೆ ಒದ್ದಾಡುತ್ತಾರೆ. ಕಾರಣ ಫರ್ಮ್‌ವೇರ್. ಡ್ರೈವರ್ ಇರುವುದು ಕಂಪ್ಯೂಟರಿನ ಬದಿಯಲ್ಲಿ. ಟ್ಯೂನರ್ ಚಿಪ್ಪಿನೊಳಗೇ ಓಡಬೇಕಾದ ಚಿಕ್ಕ ಪ್ರೋಗ್ರಾಮ್ ಬೇರೆ ಇರುತ್ತದೆ, ಅದೇ ಫರ್ಮ್‌ವೇರ್. ಅನೇಕ ಕಾರ್ಡ್‌ಗಳಲ್ಲಿ ಕರೆಂಟ್ ಹೋದರೆ ಅದು ಅಳಿಸಿಹೋಗುತ್ತದೆ, ಲಿನಕ್ಸ್ ಪ್ರತಿ ಸಲ ಹೊಸದಾಗಿ ತುಂಬಬೇಕು. ಅದರ ಮೂಲ ಕೋಡ್ ಮುಕ್ತವಲ್ಲ. ಹಾಗಾಗಿ ಡೆಬಿಯನ್‌ನಂಥ ಡಿಸ್ಟ್ರೋಗಳು (ಲಿನಕ್ಸ್‌ನ ಬೇರೆಬೇರೆ ಆವೃತ್ತಿಗಳು) ಅದನ್ನು ಬೇರೆ ವಿಭಾಗದಲ್ಲಿ ಇಡುತ್ತವೆ. ಎಷ್ಟೋ ಕಾರ್ಡ್‌ಗಳಲ್ಲಿ ಫರ್ಮ್‌ವೇರ್ ಬೇಕಾಗುವುದು ಮೊದಲ ಸಲ ಟ್ಯೂನ್ ಮಾಡುವಾಗ. ಅಲ್ಲಿಯವರೆಗೆ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ.

ಪತ್ತೆ ಹಚ್ಚುವುದು ಸುಲಭ. ಒಮ್ಮೆ ಟ್ಯೂನ್ ಮಾಡಲು ನೋಡಿ, ತಕ್ಷಣ ‘ಸುಡೋ ಡಿಎಂಇಎಸ್‌ಜಿ’ ಆದೇಶ ಕೊಡಿ. ಕರ್ನೆಲ್ ಬರೆದುಕೊಂಡ ಸಾಲುಗಳು ಬರುತ್ತವೆ. ಕೊನೆಯ ಕೆಲವು ಸಾಲುಗಳಲ್ಲಿ ಫರ್ಮ್‌ವೇರ್ ಫೈಲ್ ಸಿಗಲಿಲ್ಲ ಎಂದಿದ್ದರೆ ಫೈಲಿನ ಹೆಸರೂ ಅಲ್ಲೇ ಇರುತ್ತದೆ. ಉದಾಹರಣೆಗೆ ಎಂ88ಡಿಎಸ್3103 ಚಿಪ್ ಇರುವ ಟ್ಯೂನರ್‌ಗಳು ‘ಡಿವಿಬಿ-ಡೆಮಾಡ್-ಎಂ88ಡಿಎಸ್3103.ಎಫ್‌ಡಬ್ಲ್ಯೂ’ ಎಂಬ ಫೈಲ್ ಕೇಳುತ್ತವೆ. ಆ ಫೈಲನ್ನು ‘ಲಿಬ್’ ಫೋಲ್ಡರಿನೊಳಗಿನ ‘ಫರ್ಮ್‌ವೇರ್’ ಫೋಲ್ಡರಿಗೆ ಹಾಕಿ. ಹೆಸರಿನಲ್ಲಿ ಒಂದಕ್ಷರವೂ ವ್ಯತ್ಯಾಸ ಇರಬಾರದು. ಆಮೇಲೆ ಬರೀ ರೀಸ್ಟಾರ್ಟ್ ಸಾಲದು, ಪೂರ್ತಿ ಆಫ್ ಮಾಡಿ ಆನ್ ಮಾಡಿ.

ಡಿಶ್ ಮತ್ತು ಎಲ್‌ಎನ್‌ಬಿ

ಮನೆಯಲ್ಲಿ ಈಗಾಗಲೇ ಫ್ರೀ ಡಿಶ್ ನಡೆಯುತ್ತಿದ್ದರೆ ಡಿಶ್ ಮುಟ್ಟಲೇಬೇಡಿ. ಬಾಕ್ಸ್‌ನಿಂದ ಕೇಬಲ್ ಬಿಚ್ಚಿ ಕಾರ್ಡಿಗೆ ಹಾಕಿ ಸಾಕು. ಹೊಸದಾಗಿ ಹಾಕುವವರಿಗೆ ಲೆಕ್ಕ ಹೀಗಿದೆ: ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದ ನೇರಕ್ಕೆ. ಬೆಂಗಳೂರಿನಿಂದ ನೋಡಿದರೆ ಅದು ಆಗ್ನೇಯದಲ್ಲಿ, ನೆಲಮಟ್ಟದಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿದೆ. ಧಾರವಾಡದಿಂದ ಸುಮಾರು 62 ಡಿಗ್ರಿ. ನಮ್ಮಲ್ಲಿ ಬಳಸುವ ಡಿಶ್‌ಗಳು ಆಫ್‌ಸೆಟ್ ಜಾತಿಯವು, ಅಂದರೆ ಎಲ್‌ಎನ್‌ಬಿ ತಟ್ಟೆಯ ನಟ್ಟನಡುವೆ ಇರದೆ ಕೆಳಗಿರುತ್ತದೆ, ಆದ್ದರಿಂದ ತಟ್ಟೆ ಅಷ್ಟು ಮೇಲಕ್ಕೆ ಮುಖ ಮಾಡಿದಂತೆ ಕಾಣುವುದಿಲ್ಲ.

ಕೇಬಲ್ ಹಾಕುವಾಗ ಕಂಪ್ಯೂಟರ್ ಆಫ್ ಇರಲಿ. ಕೇಬಲ್ಲಿನ ಹೊರಗಿನ ಜಾಲರಿಯ ಒಂದು ಎಳೆ ನಡುವಿನ ತಾಮ್ರದ ತಂತಿಗೆ ತಾಗಿದರೂ ಶಾರ್ಟ್ ಆಗುತ್ತದೆ. ಬಾಕ್ಸ್ ಮತ್ತು ಕಾರ್ಡ್ ಎರಡೂ ಬೇಕೆಂದರೆ ಸುಮ್ನೆ ಸ್ಪ್ಲಿಟರ್ ಹಾಕಬೇಡಿ, ಎರಡು ಔಟ್‌ಪುಟ್ ಇರುವ ಎಲ್‌ಎನ್‌ಬಿ ಹಾಕಿಸಿ.

ಇನ್ನು ಎಲ್‌ಎನ್‌ಬಿ ಸೆಟ್ಟಿಂಗ್. ಚಾನೆಲ್ ಸಿಗುತ್ತಿಲ್ಲ ಅನ್ನುವ ದೂರುಗಳ ಬೇರು ಎಷ್ಟೋ ಸಲ ಇಲ್ಲೇ ಇರುತ್ತದೆ. ಉಪಗ್ರಹದಿಂದ ಬರುವ ತರಂಗದ ಫ್ರೀಕ್ವೆನ್ಸಿ ತುಂಬ ಜಾಸ್ತಿ, ಕೇಬಲ್ಲಿನಲ್ಲಿ ಅದು ಇಳಿದು ಬರಲಾರದು. ಎಲ್‌ಎನ್‌ಬಿ ಅದರಿಂದ ಒಂದು ಸಂಖ್ಯೆಯನ್ನು ಕಳೆದು ಕೆಳಕ್ಕೆ ಇಳಿಸುತ್ತದೆ. ಯೂನಿವರ್ಸಲ್ ಎಲ್‌ಎನ್‌ಬಿಯಲ್ಲಿ ಆ ಸಂಖ್ಯೆ ಕೆಳಗಿನ ಬ್ಯಾಂಡಿಗೆ 9750, ಮೇಲಿನ ಬ್ಯಾಂಡಿಗೆ 10600. ಫ್ರೀ ಡಿಶ್‌ನ ಒಂದು ಟ್ರಾನ್ಸ್‌ಪಾಂಡರ್ (ಉಪಗ್ರಹದಿಂದ ಹಲವು ಚಾನೆಲ್‌ಗಳನ್ನು ಒಟ್ಟಿಗೆ ಕಳಿಸುವ ಪ್ರಸಾರಕ) 11090 ಮೆಗಾಹರ್ಟ್ಸ್‌ನಲ್ಲಿದೆ. 11090ರಲ್ಲಿ 9750 ಕಳೆದರೆ 1340. ಟ್ಯೂನರ್ ಕೇಳಿಸಿಕೊಳ್ಳುವುದು 950ರಿಂದ 2150ರವರೆಗೆ, ಹಾಗಾಗಿ 1340 ಸರಿಯಾಗಿ ಕೂರುತ್ತದೆ. ಸೆಟ್ಟಿಂಗ್‌ನಲ್ಲಿ ತಪ್ಪಿ 10600 ಕೊಟ್ಟರೆ ಲೆಕ್ಕ 490ಕ್ಕೆ ಬರುತ್ತದೆ. ಅದು ಟ್ಯೂನರಿನ ವ್ಯಾಪ್ತಿಯಲ್ಲೇ ಇಲ್ಲ. ಡಿಶ್ ಕರಾರುವಾಕ್ಕಾಗಿ ಕೂತಿದ್ದರೂ ಏನೂ ಸಿಗುವುದಿಲ್ಲ. ಪಾಪ, ಜನ ಮಾಳಿಗೆ ಹತ್ತಿ ಡಿಶ್ ತಿರುಗಿಸುತ್ತಲೇ ಇರುತ್ತಾರೆ!

ವೋಲ್ಟೇಜಿಗೂ ಒಂದು ಕೆಲಸವಿದೆ. ಕಾರ್ಡ್ 13 ವೋಲ್ಟ್ ಕೊಟ್ಟರೆ ಎಲ್‌ಎನ್‌ಬಿ ಲಂಬ ತರಂಗವನ್ನು, 18 ವೋಲ್ಟ್ ಕೊಟ್ಟರೆ ಅಡ್ಡ ತರಂಗವನ್ನು ಆರಿಸುತ್ತದೆ. ಮೇಲೆ ಹೇಳಿದ ಟ್ರಾನ್ಸ್‌ಪಾಂಡರ್ ಲಂಬ, ಅಂದರೆ ಸೆಟ್ಟಿಂಗ್‌ನಲ್ಲಿ ‘ವಿ’.

ಚಾನೆಲ್ ಹುಡುಕಾಟ

ಇದಕ್ಕೆ ನಾನು ಹೇಳುವುದು ಟಿವಿಹೆಡ್‌ಎಂಡ್, ಚಾನೆಲ್ ಹುಡುಕಿ, ಹಂಚಿ, ರೆಕಾರ್ಡ್ ಮಾಡುವ ಸಾಫ್ಟ್‌ವೇರ್. ನಿಮ್ಮ ಡಿಸ್ಟ್ರೋದ ಸಾಫ್ಟ್‌ವೇರ್ ಭಂಡಾರದಲ್ಲಿ ಇಲ್ಲದಿದ್ದರೆ ಆ ಯೋಜನೆಯವರೇ ನಡೆಸುವ ಭಂಡಾರದಿಂದ ಹಾಕಿಕೊಳ್ಳಿ. ಸ್ಥಾಪಿಸುವಾಗ ಕೇಳುವ ಹೆಸರು, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಆಮೇಲೆ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್‌ನ 9981ನೇ ಪೋರ್ಟ್ ತೆರೆಯಿರಿ.

ಕಾನ್ಫಿಗರೇಶನ್ ಪುಟದಲ್ಲಿ ಮೊದಲು ‘ನೆಟ್‌ವರ್ಕ್ಸ್’ಗೆ ಹೋಗಿ ಡಿವಿಬಿ-ಎಸ್ ಜಾತಿಯದೊಂದನ್ನು ಸೇರಿಸಿ. ನಂತರ ‘ಟಿವಿ ಅಡಾಪ್ಟರ್ಸ್’ನಲ್ಲಿ ನಿಮ್ಮ ಕಾರ್ಡನ್ನು ಎನೇಬಲ್ ಮಾಡಿ, ಎಲ್‌ಎನ್‌ಬಿ ಜಾಗದಲ್ಲಿ ಯೂನಿವರ್ಸಲ್ ಆರಿಸಿ, ಆ ನೆಟ್‌ವರ್ಕನ್ನು ಜೋಡಿಸಿ. ಆಮೇಲೆ ‘ಮಕ್ಸಸ್’ನಲ್ಲಿ ಹೊಸದೊಂದು ಮಕ್ಸ್ ಸೇರಿಸಿ (ಒಂದು ಟ್ರಾನ್ಸ್‌ಪಾಂಡರಿನ ಚಾನೆಲ್‌ಗಳ ಕಟ್ಟಿಗೆ ಇಲ್ಲಿ ಮಕ್ಸ್ ಎನ್ನುತ್ತಾರೆ). ಇಲ್ಲಿ ಸೊನ್ನೆಗಳ ಮೇಲೆ ಗಮನ ಇರಲಿ. ಫ್ರೀಕ್ವೆನ್ಸಿಯನ್ನು ಅದು ಕಿಲೋಹರ್ಟ್ಸ್‌ನಲ್ಲಿ ಕೇಳುತ್ತದೆ, ಆದ್ದರಿಂದ 11090 ಅಲ್ಲ, 11090000. ಸಿಂಬಲ್ ರೇಟ್ (ಸೆಕೆಂಡಿಗೆ ಬರುವ ಸಂಕೇತಗಳ ಸಂಖ್ಯೆ) ಕೂಡ 29500 ಅಲ್ಲ, 29500000. ಸೆಟ್‌ಟಾಪ್ ಬಾಕ್ಸಿನ ಅಭ್ಯಾಸದಲ್ಲಿ ಚಿಕ್ಕ ಸಂಖ್ಯೆ ಹಾಕಿದರೆ ಹುಡುಕಾಟ ಕ್ಷಣದಲ್ಲೇ ‘ಫೇಲ್’ ಅಂತ ನಿಲ್ಲುತ್ತದೆ. ಎಫ್‌ಇಸಿಯನ್ನು (ಪ್ರಸಾರದ ದೋಷ ತಿದ್ದುವ ವ್ಯವಸ್ಥೆ) ‘ಆಟೋ’ದಲ್ಲೇ ಬಿಡಿ.

‘ಓಕೆ’ ಬಂದು ಸರ್ವೀಸ್‌ಗಳು ಕಂಡರೆ ಡಿಶ್, ಕೇಬಲ್, ಎಲ್‌ಎನ್‌ಬಿ, ಕಾರ್ಡ್ ಎಲ್ಲವೂ ಸರಿಯಿದೆ. ಉಳಿದ ಟ್ರಾನ್ಸ್‌ಪಾಂಡರ್‌ಗಳನ್ನೂ ಹೀಗೇ ಸೇರಿಸಿ. ಅವುಗಳ ಪಟ್ಟಿ ಆಗಾಗ ಬದಲಾಗುವುದರಿಂದ ಹೊಸದನ್ನೇ ನೋಡಿ ಹಾಕಿ. ‘ಫೇಲ್’ ಬಂದರೆ ಮೊದಲು ಕರ್ನೆಲ್ ಸಾಲುಗಳು, ಆಮೇಲೆ ಎಲ್‌ಎನ್‌ಬಿ ಸೆಟ್ಟಿಂಗ್, ಆಮೇಲೆ ಕೇಬಲ್ ನೋಡಿ. ಮಾಳಿಗೆ ಹತ್ತುವುದು ಕೊನೆಗೆ. ಡಿಶ್ ಅಲುಗಿಸಲೇಬೇಕಾದರೆ ‘ಸ್ಟೇಟಸ್’ ಪುಟದಲ್ಲಿ ಎಸ್‌ಎನ್‌ಆರ್ ಅಂಕಿ (ಸಿಗ್ನಲ್ ಎಷ್ಟು ಸ್ವಚ್ಛ ಎಂಬುದರ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು) ನೋಡುತ್ತಾ, ಒಂದೊಂದು ಮಿಲಿಮೀಟರಿನಷ್ಟೇ ಸರಿಸಿ.

ನೋಡುವುದು, ಉಳಿಸಿಕೊಳ್ಳುವುದು

‘ಮ್ಯಾಪ್ ಸರ್ವೀಸಸ್’ ಒತ್ತಿದರೆ ಸರ್ವೀಸ್‌ಗಳು ಚಾನೆಲ್‌ಗಳಾಗುತ್ತವೆ. ನೋಡಲು ವಿಎಲ್‌ಸಿ ಪ್ಲೇಯರ್ ಸಾಕು. ದೊಡ್ಡ ಟಿವಿಗೆ ಜೋಡಿಸಿದ ಕಂಪ್ಯೂಟರ್ ಆದರೆ ಕೋಡಿ ಎಂಬ ಮಾಧ್ಯಮ ಸಾಫ್ಟ್‌ವೇರ್ ಹಾಕಿ, ಅದರೊಳಗೆ ಟಿವಿಹೆಡ್‌ಎಂಡ್ ಕ್ಲೈಂಟ್ ಆ್ಯಡ್‌ಆನ್ ಆನ್ ಮಾಡಿ. ಅದೇ ವೈಫೈನಲ್ಲಿರುವ ಫೋನಿನಲ್ಲೂ ಚಾನೆಲ್ ಬರುತ್ತದೆ. ವಿಎಲ್‌ಸಿ ಅಥವಾ ಕಾಫೀನ್ ಎಂಬ ಇನ್ನೊಂದು ಪ್ಲೇಯರ್‌ನಿಂದ ಕಾರ್ಡನ್ನು ನೇರವಾಗಿ ಬಳಸಬೇಕೆಂದರೆ ನಿಮ್ಮ ಬಳಕೆದಾರ ಹೆಸರು ‘ವಿಡಿಯೋ’ ಗುಂಪಿನಲ್ಲಿರಬೇಕು. ಸೇರಿಸಿದ ಮೇಲೆ ಲಾಗೌಟ್ ಆಗಿ ಮತ್ತೆ ಬನ್ನಿ. ಟಿವಿಹೆಡ್‌ಎಂಡ್ ಮತ್ತು ವಿಎಲ್‌ಸಿ ಒಂದೇ ಟ್ಯೂನರನ್ನು ಏಕಕಾಲಕ್ಕೆ ಹಿಡಿಯಲಾರವು.

ರೆಕಾರ್ಡಿಂಗ್‌ಗೆ ಡಿಸ್ಕ್ ಎಷ್ಟು ಬೇಕು? ಚಾನೆಲ್ ಸೆಕೆಂಡಿಗೆ 3 ಮೆಗಾಬಿಟ್ ಹರಿಸುತ್ತದೆ ಅಂದುಕೊಂಡರೆ ಗಂಟೆಗೆ ಸುಮಾರು 1.35 ಜಿಬಿ. ಪ್ರಸಾರವಾದ ಡೇಟಾವನ್ನೇ ಹಾಗೆಯೇ ಫೈಲಿಗೆ ಬರೆಯುವುದರಿಂದ ಹಳೆಯ ಪ್ರೊಸೆಸರ್ ಕೂಡ ಸಾಕಾಗುತ್ತದೆ, ಗುಣಮಟ್ಟವೂ ಇಳಿಯುವುದಿಲ್ಲ. ಟೈಮರ್ ಹಾಕುವಾಗ ಕಾರ್ಯಕ್ರಮದ ಹಿಂದೆ ಮುಂದೆ ಐದೈದು ನಿಮಿಷ ಜಾಸ್ತಿ ಕೊಡಿ. ನೇರಪ್ರಸಾರ ಉದ್ದವಾದ ದಿನ ಮುಂದಿನದೆಲ್ಲ ತಡವಾಗಿ ಶುರುವಾಗುತ್ತದೆ ಅಲ್ವಾ, ಕೊನೆಯ ಭಾಗ ತಪ್ಪಿಹೋಗುವುದು ಆಗಲೇ.