ಸಂಸ್ಕರಿಸಿದ ನೀರು ಹೊಲಕ್ಕೆ: ಹೊಳೆಯ ಮಿತಿಗೆ ನಾವು ಇಟ್ಟ ಕಿಲೋ ಲೆಕ್ಕ

ಕೊಳಚೆ ನೀರು ಸಂಸ್ಕರಿಸುವ ಘಟಕದಿಂದ ಹೊರಬರುವ ನೀರಿನಲ್ಲಿ ಒಂದು ಪಾಲನ್ನು ಹೊಳೆಗೆ ಬಿಡದೆ ಹೊಲಕ್ಕೆ ಹರಿಸುವ ಲೆಕ್ಕ ಇದು. ಜಲಾನಯನಕ್ಕೆ ಮಾಲಿನ್ಯದ ಮಿತಿ ಹಾಕುವಾಗ ದಿನಕ್ಕೆ ಇಷ್ಟು ಕಿಲೋ ಸಾರಜನಕ, ಇಷ್ಟು ಕಿಲೋ ರಂಜಕ ಎಂದೇ ಹಾಕುತ್ತಾರೆ. ಆದ್ದರಿಂದ ಲೀಟರ್ ಲೆಕ್ಕ ಬದಿಗಿಟ್ಟು ಕಿಲೋ ಹಿಡಿದೆವು. ದಿನಕ್ಕೆ ಹರಿಯುವ ದಶಲಕ್ಷ ಲೀಟರ್‌ಗಳನ್ನು (ಎಂಎಲ್‌ಡಿ) ಲೀಟರಿಗಿರುವ ಮಿಲಿಗ್ರಾಂನಿಂದ ಗುಣಿಸಿದರೆ ಸಿಗುವುದು ಕಿಲೋ. 10 ಎಂಎಲ್‌ಡಿ ಘಟಕ, ಸಾರಜನಕ 10 ಮಿಗ್ರಾಂ: ದಿನಕ್ಕೆ 100 ಕಿಲೋ. ಮಿತಿ 70 ಆಗಿದ್ದರೆ 3 ಎಂಎಲ್‌ಡಿ ಹೊಳೆಗೆ ಹೋಗಕೂಡದು.

ದಿನಕ್ಕೆ 5 ಮಿಮೀ ನೀರುಣಿಸಿದರೆ ಹೆಕ್ಟೇರಿಗೆ 50 ಘನ ಮೀಟರ್, ಅಂದರೆ ಆ 3 ಎಂಎಲ್‌ಡಿಗೆ 60 ಹೆಕ್ಟೇರ್ ಹೊಲ ಬೇಕು. 120 ದಿನದ ಬೆಳೆಗೆ ಹೆಕ್ಟೇರಿಗೆ 60 ಕಿಲೋ ಸಾರಜನಕ ನೀರಿನಲ್ಲೇ ಬರುತ್ತದೆ. ಸುಮಾರು 130 ಕಿಲೋ ಯೂರಿಯಾಕ್ಕೆ ಸಮ. ಅಷ್ಟು ಗೊಬ್ಬರ ಕಡಿಮೆ ಮಾಡಲೇಬೇಕು. ಇಲ್ಲದಿದ್ದರೆ ನೈಟ್ರೇಟ್ ಬಸಿದು, ಅಂತರ್ಜಲ ಸೇರಿ, ತಿರುಗಿ ಹೊಳೆಗೇ ಬರುತ್ತದೆ. ಆಗ ಹೊಳೆಯ ಕಿಲೋ ಇಳಿದದ್ದು ಕಾಗದದ ಮೇಲೆ ಮಾತ್ರ.

ಯೋಜನೆ ಕೈಕೊಡುವುದು ಮಳೆಯಲ್ಲಿ. ಹೊಲಕ್ಕೆ ನೀರು ಬೇಡ, ಘಟಕ ನಿಲ್ಲುವುದಿಲ್ಲ. 30 ದಿನಕ್ಕೆ 90,000 ಘನ ಮೀಟರ್. ಅದನ್ನು ಹಿಡಿದಿಡಲು 3 ಮೀಟರ್ ಆಳವಾದರೂ 3 ಹೆಕ್ಟೇರ್ ಹೊಂಡ ಬೇಕು. ಮೊದಲು ಹೊಂಡದ ಜಾಗ ನೋಡಿ, ಆಮೇಲೆ ಪೈಪಿನ ಮಾತು.

ಹೊಂಡದಲ್ಲಿ ಪಾಚಿ ಖಂಡಿತ. ಮೇಲೆ ಪಾಚಿ, ತಳದಲ್ಲಿ ಕೆಸರು. ಹಾಗಾಗಿ ಪಂಪಿನ ಸಕ್ಷನ್ (ನೀರು ಹೀರುವ) ಬಾಯನ್ನು ತೇಲುವ ಡ್ರಮ್ಮಿಗೆ ಕಟ್ಟಿ ಮೇಲ್ಮೈಯಿಂದ ಮುಕ್ಕಾಲು ಮೀಟರ್ ಕೆಳಗೆ ಇಳಿಬಿಟ್ಟೆವು. ಹನಿ ನೀರಾವರಿಗೆ 130 ಮೈಕ್ರಾನ್ ಡಿಸ್ಕ್ ಫಿಲ್ಟರ್. ಫಿಲ್ಟರಿನ ಎರಡೂ ಬದಿಯ ಒತ್ತಡದ ವ್ಯತ್ಯಾಸ 0.5 ಬಾರ್ ಮುಟ್ಟಿದರೆ ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವುದು. ಆ ಕೊಳೆನೀರು ಘಟಕದ ಒಳಹರಿವಿಗೇ ವಾಪಸ್, ಚರಂಡಿಗಲ್ಲ.

ನೀರಿಗೆ ಹಾಕಿದ ಕ್ಲೋರಿನ್ ಎಷ್ಟು ಉಳಿದಿದೆ ಎಂದು ನೋಡಬೇಕಾದದ್ದು ಲ್ಯಾಟರಲ್ (ಹನಿ ಬಿಡುವ ಕೊಳವೆ) ತುದಿಯಲ್ಲಿ. ಅಮೋನಿಯಾ ಉಳಿದಿದ್ದರೆ ಕ್ಲೋರಿನ್ ಅದರೊಡನೆ ಕೂಡಿ ಕ್ಲೋರಮೈನ್ ಆಗುತ್ತದೆ. ಡಿಪಿಡಿ ಪರೀಕ್ಷೆಯಲ್ಲಿ (ಕ್ಲೋರಿನ್ ಇದ್ದರೆ ನೀರು ಗುಲಾಬಿಯಾಗುವ ಪರೀಕ್ಷೆ) ಬಣ್ಣ ಮೊದಲು ತೆಳುವಾಗಿದ್ದು ನಿಧಾನಕ್ಕೆ ಗಾಢವಾದರೆ ಅದೇ ಗುರುತು. ಅಮೋನಿಯಾದೊಡನೆ ಕೂಡದೆ ಉಳಿದ ಮುಕ್ತ ಕ್ಲೋರಿನ್ ಓದುವುದಿದ್ದರೆ ತಕ್ಷಣ ಓದಿ.

ಈ ನೀರನ್ನು ಹೊಲದ ಬದಲು ಕಾರ್ಖಾನೆಗೆ ಕೊಡುವವರಿಗೆ ಒಂದು ಮಾತು. 3 ಎಂಎಲ್‌ಡಿ ಆರ್‌ಒಗೆ (ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಶುದ್ಧ ಮಾಡುವ ಯಂತ್ರ) ಹೋಗಿ ನಾಲ್ಕರಲ್ಲಿ ಮೂರು ಪಾಲು ಶುದ್ಧ ನೀರಾದರೆ, ಉಳಿದ 0.75 ಎಂಎಲ್‌ಡಿ ರಿಜೆಕ್ಟ್‌ನಲ್ಲಿ (ಹೊರಬಿಡುವ ಗಟ್ಟಿ ತ್ಯಾಜ್ಯನೀರಿನಲ್ಲಿ) ಸಾರಜನಕ ಲೀಟರಿಗೆ ಹತ್ತಿರ ಹತ್ತಿರ 40 ಮಿಗ್ರಾಂ. ಗುಣಿಸಿ ನೋಡಿ: ಅದೇ 30 ಕಿಲೋ. ಅದನ್ನು ಹೊಳೆಗೆ ಬಿಟ್ಟರೆ ಮಿತಿಯ ಲೆಕ್ಕದಲ್ಲಿ ಕಿಲೋ ಕದಲುವುದೇ ಇಲ್ಲ.

ಹೊಳೆಯ ಕಡೆಗೂ ಹೊಲದ ಕಡೆಗೂ ಬೇರೆ ಬೇರೆ ಮ್ಯಾಗ್ನೆಟಿಕ್ ಫ್ಲೋ ಮೀಟರ್ (ಹರಿವು ಅಳೆಯುವ ಮೀಟರ್) ಇರಲಿ. 300 ಮಿಮೀ ಪೈಪಾದರೆ ಮೀಟರಿನ ಮುಂಚೆ ಒಂದೂವರೆ ಮೀಟರ್ ನೇರ ಓಟ ಬಿಡಿ, ಏರುವ ಪೈಪಿನಲ್ಲೇ ಕೂರಿಸಿ. ಪೈಪ್ ಅರ್ಧ ತುಂಬಿ ಹರಿದರೂ ಮೀಟರ್ ಪೂರ್ತಿ ತುಂಬಿದೆ ಎಂದೇ ಎಣಿಸುತ್ತದೆ.