ಮರಗಳು ಬೆಳೆಯುವ ಗಡಿ ದಾಟಿದ ಎತ್ತರದಲ್ಲಿ ಬಾವಲಿಗಳ ದನಿಮುದ್ರಣ: ನಾನು ಮಾಡುವ ರೀತಿ

ಗಾಳಿಯ ಗದ್ದಲದಲ್ಲಿ ಕೂಗುಗಳು ಮುಚ್ಚಿಹೋದ ಗಂಟೆಯನ್ನು ‘ಬಾವಲಿ ಸೊನ್ನೆ’ ಎಂದು ಬರೆದುಕೊಂಡರೆ ಇಡೀ ಋತುವಿನ ಲೆಕ್ಕ ಕೆಡುತ್ತದೆ. ಬಯಲು ಶಿಖರದಲ್ಲಿ ನನ್ನ ಅರ್ಧ ಕೆಲಸ ಈ ತಪ್ಪನ್ನು ತಡೆಯುವುದೇ.

ಮೈಕ್ರೊಫೋನನ್ನು 2–3 ಮೀಟರ್ ಎತ್ತರದ ಕಂಬಕ್ಕೆ ಕಟ್ಟುತ್ತೇನೆ. ಬಂಡೆಯ ಗೋಡೆ ಪಕ್ಕದಲ್ಲಿದ್ದರೆ ಪ್ರತಿಧ್ವನಿ ಬೆರೆತು ಕೂಗಿನ ಆಕಾರ ಮಸುಕಾಗುತ್ತದೆ. ಕಂಬದ ಹಗ್ಗ ಸಡಿಲವಿದ್ದರೆ ಅದು ಪಟಪಟ ಬಡಿದು ರಾತ್ರಿಯಿಡೀ ಟ್ರಿಗರ್ (ಸದ್ದು ಬಂದಾಗ ಮಾತ್ರ ದಾಖಲೆ ಶುರುಮಾಡುವ ವ್ಯವಸ್ಥೆ) ಒತ್ತುತ್ತಿರುತ್ತದೆ. ಗಾಳಿ ತಡೆಯುವ ಸ್ಪಂಜು ಒಣಗಿರಬೇಕು. ಇಬ್ಬನಿ ಹೀರಿದ ಸ್ಪಂಜು ಮೊದಲು ನುಂಗುವುದು ಎತ್ತರದ ಕಂಪನಗಳನ್ನೇ. ಇಡುವಾಗಲೂ ತೆಗೆಯುವಾಗಲೂ ಒಂದೇ ದೂರದಿಂದ ಬೀಗದಕೈ ಗೊಂಚಲು ಅಲುಗಾಡಿಸಿ ದಾಖಲಿಸುತ್ತೇನೆ. ಆ ಸದ್ದಿನಲ್ಲಿ ಅಲ್ಟ್ರಾಸೌಂಡ್, ಅಂದರೆ ನಮ್ಮ ಕಿವಿಗೆ ಕೇಳದಷ್ಟು ಎತ್ತರದ ಕಂಪನ, ಇರುವುದರಿಂದ ಮೈಕ್ ಮಂದವಾಗಿದ್ದರೆ ಅಲ್ಲೇ ತಿಳಿಯುತ್ತದೆ.

ಸ್ಯಾಂಪ್ಲಿಂಗ್ (ಸೆಕೆಂಡಿಗೆ ಎಷ್ಟು ಬಾರಿ ಸದ್ದನ್ನು ಅಳೆಯುವುದು ಎಂಬ ಲೆಕ್ಕ) 384 ಕಿಲೋಹರ್ಟ್ಸ್, 16 ಬಿಟ್. ನಿರಂತರ ದಾಖಲಿಸಿದರೆ ಗಂಟೆಗೆ ಸುಮಾರು 2.8 ಜಿಬಿ, 128 ಜಿಬಿ ಕಾರ್ಡ್ ಹತ್ತು ಗಂಟೆಯ ನಾಲ್ಕು ರಾತ್ರಿಗಳಿಗೆ ಸಾಕು. ಹೆಚ್ಚು ದಿನ ಬೇಕಾದರೆ ಟ್ರಿಗರ್ ಬಳಸಬೇಕು. ಗಾಳಿಸದ್ದು ಕಡಿಮೆಯಾಗಲೆಂದು ಹಲವರು 16 ಕಿಲೋಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಸೋಸಿಬಿಡುತ್ತಾರೆ. ಯುರೋಪಿನ ಪರ್ವತಗಳಲ್ಲಿ ಇದು ದೊಡ್ಡ ತಪ್ಪು: ಟಡಾರಿಡಾ ಟೀನಿಯೋಟಿಸ್ ಎಂಬ ಬಾವಲಿ ಕೂಗುವುದೇ 10–14 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ನಾನು ಸೋಸುವುದು 8ರ ಕೆಳಗಿನದನ್ನು ಮಾತ್ರ.

ಆಲ್ಕಲೈನ್ ಸೆಲ್‌ಗಳು ಚಳಿಯಲ್ಲಿ ಬೇಗ ಸೋಲುತ್ತವೆ. ಲಿಥಿಯಂ ಹಾಕಿ.

ಉಷ್ಣತೆ ಮತ್ತು ಗಾಳಿಯ ವೇಗವನ್ನು ಮೈಕ್ ಪಕ್ಕದಲ್ಲೇ ಹತ್ತು ನಿಮಿಷಕ್ಕೊಮ್ಮೆ ಅಳೆಯುವುದು ಅನಿವಾರ್ಯ. ಕಣಿವೆಯ ಹವಾಮಾನ ಕೇಂದ್ರದ ಅಂಕಿ ಇಲ್ಲಿಗೆ ಹೊಂದುವುದಿಲ್ಲ. ಶುಭ್ರ, ನಿಶ್ಚಲ ರಾತ್ರಿಯಲ್ಲಿ ತಣ್ಣನೆಯ ಗಾಳಿ ಕೆಳಗಿಳಿದು ಕಣಿವೆಯಲ್ಲಿ ತುಂಬಿಕೊಳ್ಳುತ್ತದೆ, ಇಳಿಜಾರು ಬೆಚ್ಚಗಿರುತ್ತದೆ. ಕೀಟಗಳು ಅಲ್ಲಿ ಹಾರಾಡಿದರೆ ಬಾವಲಿಗಳೂ ಅಲ್ಲೇ. ಕೆಳಗಿನ ಗೂಡುಗಳಿಂದ ಹೊರಟವು ಮೇಲೆ ತಲುಪಲು ಹೊತ್ತು ಬೇಕು. ಹಾಗಾಗಿ ಸಂಜೆಯ ಮೊದಲ ಗಂಟೆಗಳನ್ನು ಮಾತ್ರ ದಾಖಲಿಸಿದರೆ ಸಾಲದು; ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲು ಶುರುಮಾಡಿ ಸೂರ್ಯೋದಯದ ಅರ್ಧ ಗಂಟೆ ನಂತರವೇ ನಿಲ್ಲಿಸುತ್ತೇನೆ.

ಸಾಫ್ಟ್‌ವೇರ್ ಕೊಡುವ ಜಾತಿಯ ಹೆಸರನ್ನು ಸೋನೋಗ್ರಾಮ್ (ಸದ್ದಿನ ಚಿತ್ರ) ನೋಡದೆ ನಂಬುವುದಿಲ್ಲ; ಮಿಡತೆ ಜಾತಿಯ ಕೀಟಗಳ ಸದ್ದೂ ಬಾವಲಿಗಳ ಕೂಗಿನ ಕಂಪನಗಳ ವ್ಯಾಪ್ತಿಯಲ್ಲೇ ಬರುತ್ತದೆ. ಕೂಗುಗಳು ಒತ್ತೊತ್ತಾಗಿ ಗುಂಯ್‌ಗುಟ್ಟಿದರೆ ಅದು ಬೇಟೆ. ಅಂಥವನ್ನು ಬೇರೆಯಾಗಿ ಗುರುತಿಸುತ್ತೇನೆ, ಬರಿದೆ ದಾಟಿಹೋಗುವವೂ ಇರುತ್ತವಲ್ಲ. ಉದ್ದಕಿವಿಯ ಪ್ಲೆಕೋಟಸ್ ಬಾವಲಿಗಳ ಪಿಸುದನಿ ಕೆಲವೇ ಮೀಟರ್ ದೂರ ಕೇಳಿಸುವುದರಿಂದ, ಅವುಗಳ ಎಣಿಕೆಯನ್ನು ಗಟ್ಟಿದನಿಯ ಜಾತಿಗಳ ಎಣಿಕೆಯ ಎದುರು ಇಡಬಾರದು. ಗದ್ದಲದ ಗಂಟೆಗಳ ಕಾಲಂನಲ್ಲಿ ಸೊನ್ನೆ ಬರೆಯುವುದಿಲ್ಲ, ಖಾಲಿ ಬಿಡುತ್ತೇನೆ.